ಬೆಂಚಿನಲ್ಲಿ ನಡುವೆ ಕೂತವರು

ಬೇಬಿಗೆ ಅರುವತ್ತು ದಾಟಿತು, ಆದರೂ ಬೇಬಿಯೇ. ದೀಕ್ಷಾಸ್ನಾನದ ದಿನ ಇಟ್ಟ ಹೆಸರು ಸುಗುಣವತಿ. ಮುಲ್ಕಿಯ ಮಿಶನ್ ಕಂಪೌಂಡಿನ ಮನೆಯಲ್ಲಿ ಎಲ್ಲ ಮಕ್ಕಳಿಗಿಂತ ಕೊನೆಗೆ ಹುಟ್ಟಿದ್ದರಿಂದ ಮನೆಯವರು ಬೇಬಿ ಎಂದರು, ಊರೂ ಹಾಗೇ ಕರೆಯಿತು. ಮದುವೆಯಾಗಿ ಮದರಾಸಿಗೆ ಬಂದ ಮೇಲೆ ವೆಸ್ಟ್ ಮಾಂಬಲಂನ ಓಣಿಯವರೂ ‘ಬೇಬಿ ಟೈಲರ್’ ಎಂದೇ ಕರೆದರು. ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುವ ಹೆಂಗಸನ್ನು ಈಗಲೂ ಹಾಗೆ ಕರೆಯುವುದು ಕೇಳಿ ಹೊಸಬರಿಗೆ ನಗು ಬರುತ್ತದೆ. ನಗಲಿ ಬಿಡಿ. ನಕ್ಕವರ ರವಿಕೆಯ ತೋಳು ಮುಂದಿನ ಸಲ ಸ್ವಲ್ಪ ಬಿಗಿಯಾಗಿಯೇ ಬರುತ್ತದೆ.

ಅವಳ ಹೊಲಿಗೆ ಎಷ್ಟು ನೇರವೋ ಅವಳ ಭಕ್ತಿಯೂ ಅಷ್ಟೇ ನೇರ. ಬೆಳಿಗ್ಗೆ ಕಾಫಿಗೆ ಮೊದಲು ವೇದಪಾಠ, ಅಂದರೆ ಬೈಬಲ್ ಓದು; ಶುಕ್ರವಾರ ಉಪವಾಸ. ಭಾನುವಾರ ಮಿಶಿನಿಗೆ ಮುಸುಕು ಹಾಕಿದರೆ ಯಾವ ಮದುಮಗಳ ತಾಯಿ ಬಂದು ಕಣ್ಣೀರು ಹಾಕಿದರೂ ಅದು ತೆರೆಯುವುದಿಲ್ಲ. ಅವಳ ಕನ್ನಡ ಸಭೆಗೆ ಸ್ವಂತ ಚರ್ಚಿಲ್ಲ. ತಮಿಳರ ಚರ್ಚೊಂದರಲ್ಲಿ ಅವರ ಆರಾಧನೆಯೆಲ್ಲ ಮುಗಿದು, ನೆಲ ಗುಡಿಸಿ ಆದ ಮೇಲೆ, ಮಧ್ಯಾಹ್ನ ಮೂರಕ್ಕೆ ಇವರಿಗೆ ಜಾಗ. ಅಲ್ಲಿನ ಯಜ್ಞವೇದಿಗೆ, ಅಂದರೆ ಪಾದ್ರಿಗಳ ಮುಂದಿನ ಪೀಠಕ್ಕೆ, ಹಾಸುವ ಬಿಳಿ ಬಟ್ಟೆಯನ್ನು ಒಗೆದು, ಗಂಜಿ ಹಾಕಿ, ಇಸ್ತ್ರಿ ಮಾಡಿ ತರುವುದು ಮದುವೆಯಾಗಿ ಬಂದ ವರ್ಷದಿಂದಲೂ ಬೇಬಿಯ ಕೆಲಸ. ಅದರಲ್ಲಿ ಒಂದು ಸುಕ್ಕು ಕಂಡವರಿಲ್ಲ.

ಆ ಸಭೆಯ ಆರಾಧನೆಯಲ್ಲಿ ‘ಸಮಾಧಾನ’ ಕೊಡುವುದು ಎಂಬ ಒಂದು ಕ್ರಮವುಂಟು. ತಿಂಗಳಿಗೊಮ್ಮೆ ರೊಟ್ಟಿ, ದ್ರಾಕ್ಷಾರಸ ಹಂಚುವ ಕರ್ತನ ಭೋಜನಕ್ಕೆ ಮುಂಚೆ ಅಯ್ಯನವರು, ಅಂದರೆ ಸಭೆಯ ಪಾದ್ರಿಗಳು, ಯಜ್ಞವೇದಿಯ ಹತ್ತಿರ ಹಿರಿಯರ ಕೈಗೆ ಸಮಾಧಾನ ಕೊಡುತ್ತಾರೆ. ಹಿರಿಯರು ಇಳಿದು ಬಂದು ಪ್ರತಿ ಬೆಂಚಿನ ತುದಿಯಲ್ಲಿ ಕೂತವರಿಗೆ ಕೊಡುತ್ತಾರೆ. ಪಡೆದವರು ಪಕ್ಕದವರ ಕೈಯನ್ನು ತಮ್ಮ ಎರಡೂ ಅಂಗೈಗಳ ನಡುವೆ ಹಿಡಿದು, ‘ದೇವರ ಸಮಾಧಾನ ನಿಮಗಿರಲಿ’ ಎನ್ನಬೇಕು. ಅವರು ‘ನಿಮಗೂ ಇರಲಿ’ ಎಂದು ತಮ್ಮ ಪಕ್ಕಕ್ಕೆ ತಿರುಗಬೇಕು. ಹೀಗೆ ಯಜ್ಞವೇದಿಯಿಂದ ಹೊರಟದ್ದು ಕೈಯಿಂದ ಕೈಗೆ ದಾಟಿ ಹಿಂದಿನ ಗೋಡೆಯವರೆಗೆ ಹೋಗುತ್ತದೆ. ಹೆಂಗಸರ ಕಡೆಯ ಮೊದಲ ಬೆಂಚಿನ ತುದಿ ಬೇಬಿಯ ಜಾಗ. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ರತ್ನಾವತಿ.

ರತ್ನಾವತಿ ಬೇಬಿಯ ನಾದಿನಿ, ಗಂಡ ಕಮಲಾಕರನ ತಂಗಿ. ಇಪ್ಪತ್ತೇಳು ವರ್ಷಗಳಿಂದ ಬೇಬಿ ಅವಳ ಕೈ ಮುಟ್ಟಿಲ್ಲ.

ಆ ವರ್ಷ ಕ್ರಿಸ್ಮಸ್ ಕಳೆದ ಮೇಲೆ ಸಂಡೇ ಸ್ಕೂಲಿನ ಮಕ್ಕಳನ್ನು ಅಡ್ಯಾರಿನ ಆಚೆ ಬೆಸಂಟ್ ನಗರದ ಕಡಲತಡಿಗೆ ಕರೆದುಕೊಂಡು ಹೋಗಿದ್ದರು. ಚಿತ್ರಾನ್ನ ಬಡಿಸುವವರು ಯಾರೆಂದರೆ ಬೇಬಿಯಲ್ಲದೆ ಇನ್ನಾರು? ಏಳು ವರ್ಷದ ಮಗಳು ಪ್ರಣಮ್ಯಾ ನೀರು, ನೀರು ಎಂದು ಹಟ ಹಿಡಿದಳು. ಬೇಬಿ ಅವಳ ಕೈಯನ್ನು ನಾದಿನಿಯ ಕೈಗೆ ಕೊಟ್ಟು, “ಕಾಲು ಒದ್ದೆ ಮಾಡಿಸಿ ಕರ್ಕೊಂಡು ಬಾ ರತ್ನ. ಕೈ ಮಾತ್ರ ಬಿಡ್ಬೇಡ ಆಯ್ತಾ,” ಎಂದು ಎಲೆ ಹಾಕಲು ಹೋದಳು. ರತ್ನಾವತಿ ಬಿಡಲೂ ಇಲ್ಲ. ಆದರೆ ಮರಳಲ್ಲಿ ಕೂರಿಸಿದ್ದ ಅವಳ ಸ್ವಂತ ಮಗು, ಆಗ ತಾನೇ ಓಡಲು ಕಲಿತಿದ್ದ ವೀಕ್ಷಾ, ನೇರ ನೀರಿಗೇ ಓಡಿ ಬಂತು. ರತ್ನಾವತಿ ಅದನ್ನು ಎತ್ತಿಕೊಳ್ಳಲು ಬಗ್ಗಿದಳು. ಬಗ್ಗುವಾಗ ಪ್ರಣಮ್ಯಾಳ ಕೈ ಬಿಟ್ಟಿತು, ಅಲೆ ಬಂತು. ಸಂಜೆಯ ಹೊತ್ತಿಗೆ ಮೀನುಗಾರರು ಪ್ರಣಮ್ಯಾಳ ದೇಹವನ್ನು ದಡಕ್ಕೆ ತಂದರು. ಒಂದು ಕಾಲಿನಲ್ಲಿ ಬೇಬಿ ಹೊಸದಾಗಿ ಕೊಡಿಸಿದ್ದ ಗೆಜ್ಜೆ ಇನ್ನೂ ಇತ್ತು.

ಕಮಲಾಕರ ತಂಗಿಯನ್ನು ಅದೇ ದಿನ ತಬ್ಬಿಕೊಂಡು ಅತ್ತ. ಬೇಬಿಯಿಂದ ಆಗಲಿಲ್ಲ.

“ಅವಳೆಂತ ಬೇಕೂಂತ ಬಿಟ್ಟದ್ದಾ ಬೇಬಿ? ನೀನೇ ಹೇಳು ನೋಡುವ,” ಎಂದು ಅವನು ಎಷ್ಟೋ ಸಲ ಕೇಳಿದ.

“ಬೇಕೂಂತ ಬಿಡ್ಲಿಲ್ಲ. ನಂಗೆ ಗೊತ್ತುಂಟು. ಆದ್ರೆ ಅವಳ ಮಗುವನ್ನು ಹಿಡಿಯಲಿಕ್ಕೆ ಬಿಟ್ಟದ್ದು ನನ್ನ ಮಗುವಿನ ಕೈಯನ್ನೇ ಅಲ್ವಾ?”

ನಿಜ ಹೇಳಬೇಕೆಂದರೆ ಇದಕ್ಕೆ ಬೇಬಿಗೇ ಉತ್ತರ ಗೊತ್ತಿತ್ತು. ಆ ಜಾಗದಲ್ಲಿ ತಾನಿದ್ದರೂ ಬಗ್ಗುತ್ತಿದ್ದದ್ದು ತನ್ನ ಮಗುವಿಗೇ. ಹಾಗೆ ಒಪ್ಪಿಕೊಂಡರೆ ಸಿಟ್ಟನ್ನು ಎಲ್ಲಿ ಇಡುವುದು? ಮಗಳಂತೂ ಹೋದಳು, ಸಿಟ್ಟೂ ಹೋದರೆ ಮನೆಯಲ್ಲಿ ಉಳಿಯುವುದೇನು? ಆದ್ದರಿಂದ ಆ ಮಾತನ್ನು ಅವಳು ಗಂಡನಿಗೂ ಹೇಳಲಿಲ್ಲ.

ಅವಳು ಜಗಳ ಆಡಿದವಳಲ್ಲ. ಒಂದು ಕೆಟ್ಟ ಮಾತು ಆಡಲಿಲ್ಲ. ವೀಕ್ಷಾ ದೊಡ್ಡವಳಾಗಿ ಕನ್ಫರ್ಮೇಶನ್ನಿಗೆ, ಅಂದರೆ ಸಭೆಯ ಪೂರ್ಣ ಸದಸ್ಯಳಾಗುವ ದಿನಕ್ಕೆ, ಬಿಳಿ ಫ್ರಾಕು ಬೇಕಾದಾಗ ಕಮಲಾಕರ ಬಟ್ಟೆ ತಂದುಕೊಟ್ಟ, ಬೇಬಿ ಹೊಲಿದಳು. ಕತ್ತಿನ ಸುತ್ತ ಸೂಕ್ಷ್ಮವಾದ ಲೇಸು, ಒಳಗೆ ಅಸ್ತರಿ, ಎಲ್ಲ ಅಚ್ಚುಕಟ್ಟು. ಗಂಡನ ಕೈಯಲ್ಲಿ ಕಳಿಸಿ, ಆ ಹುಡುಗಿ ತೊಟ್ಟದ್ದನ್ನು ಮಾತ್ರ ಕತ್ತೆತ್ತಿ ನೋಡಲಿಲ್ಲ. ಇಷ್ಟೆಲ್ಲ ಮಾಡುವವಳಿಗೆ ಮನಸ್ಸಿನಲ್ಲಿ ಹಗೆ ಇದೆಯೆಂದು ಯಾರು ಹೇಳಿಯಾರು? ಕೈ ಕೊಡುವುದೊಂದು ಬಿಟ್ಟು ಅವಳು ಎಲ್ಲವನ್ನೂ ಕೊಟ್ಟಳು.

ಇನ್ನು ಸಭೆಯವರ ದಾಕ್ಷಿಣ್ಯ. ಅದನ್ನೂ ಹೇಳಲೇಬೇಕು, ಏಕೆಂದರೆ ಅರ್ಧ ತಪ್ಪು ಅದರದ್ದು. ಮಗಳನ್ನು ಮಣ್ಣು ಮಾಡಿದ ನಂತರದ ಭಾನುವಾರ ಯಾರೋ ಒಬ್ಬ ಹಿರಿಯ ಹೆಂಗಸು ಎದ್ದು ಬಂದು ಬೇಬಿಗೂ ರತ್ನಾವತಿಗೂ ನಡುವೆ ಕೂತಳು. ಬೇಬಿ ಅವಳಿಗೆ ಸಮಾಧಾನ ಕೊಟ್ಟಳು, ಅವಳು ರತ್ನಾವತಿಗೆ ಕೊಟ್ಟಳು. ಅಂದಿನಿಂದ ಅದೇ ಪದ್ಧತಿಯಾಯಿತು. ಆಗ ಸಭೆಯಲ್ಲಿ ಜನವಿತ್ತು, ನಡುವೆ ಕೂರಲು ಐದಾರು ಮಂದಿ ಯಾವಾಗಲೂ ಸಿಗುತ್ತಿದ್ದರು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ಎದ್ದು ಬಂದು ತುಂಬುತ್ತಿದ್ದರು. ಪಾಪ, ಒಳ್ಳೆಯದಕ್ಕೇ ಮಾಡಿದರು. ಹುಣ್ಣಿಗೆ ಬಟ್ಟೆ ಸುತ್ತಿದರು, ಬಿಚ್ಚಿ ನೋಡಲು ಯಾರೂ ಧೈರ್ಯ ಮಾಡಲಿಲ್ಲ.

ರತ್ನಾವತಿ ಬೇರೆ ಬೆಂಚಿಗೆ ಹೋಗಬಹುದಿತ್ತು. ಹೋಗಲಿಲ್ಲ. ಗಂಡ ತೀರಿಕೊಂಡ ಮೇಲೆ ಮಗಳ ಜೊತೆ ಅಡ್ಯಾರಿನಾಚೆ ದೂರದ ಶೋಳಿಂಗನಲ್ಲೂರಿಗೆ ಮನೆ ಬದಲಾಯಿಸಿದಾಗಲೂ ಎರಡು ಬಸ್ಸು ಹತ್ತಿ ಬಂದು ಅದೇ ಬೆಂಚಿನ ಅದೇ ತುದಿಯಲ್ಲಿ ಕೂರುತ್ತಿದ್ದಳು. ಬಾಯಿಬಿಟ್ಟು ಕ್ಷಮೆ ಕೇಳುವ ಧೈರ್ಯ ಅವಳಿಗಿರಲಿಲ್ಲ; ಬಂದು ಕೂರುವುದೇ ಅವಳ ಕೇಳುವ ಬಗೆ. ಬೇಬಿಗೂ ಅದು ಅರ್ಥವಾಗುತ್ತಿತ್ತು. ‘ಯಜ್ಞವೇದಿಗೆ ಬಟ್ಟೆ ಹಾಸುವವಳು ನಾನು, ನಾನ್ಯಾಕೆ ಏಳಲಿ?’ ಎಂದು ಅವಳೂ ಕೂತೇ ಇದ್ದಳು.

ಈ ನಡುವೆ ಬೇಬಿ ಕಳೆದುಕೊಂಡದ್ದು ಮಗಳನ್ನೊಬ್ಬಳನ್ನೇ ಅಲ್ಲ. ಹಿಂದೆ ಮಿಶಿನು ತುಳಿಯುತ್ತಾ ಅವಳು ದೇವರ ಜೊತೆ ಮಾತಾಡುತ್ತಿದ್ದಳು, ಅಡುಗೆಮನೆಗೆ ಬಂದು ಕೂತ ದೊಡ್ಡಪ್ಪನ ಜೊತೆ ಮಾತಾಡುವ ಹಾಗೆ. ನೂಲು ಕಡಿದರೆ ದೂರು, ಅಳತೆ ಕೂಡಿ ಬಂದರೆ ಉಪಕಾರ. ಆ ಮಾತು ನಿಂತುಹೋಯಿತು. ಪ್ರಾರ್ಥನೆ ಎಂದರೆ ಶಾಲೆಯಲ್ಲಿ ಹಾಜರಿ ಹೇಳಿದಂತಾಯಿತು. ಬೇಬಿ ಇನ್ನೊಂದು ಉಪವಾಸ ಕೂಡಿಸಿದಳು, ಆಸ್ಪತ್ರೆಯ ಅನಾಥ ಕೂಸುಗಳಿಗೆ ಅಂಗಿ ಹೊಲಿದಳು, ವೇದವನ್ನು ಮೊದಲಿನಿಂದ ಕೊನೆಯವರೆಗೆ ಮತ್ತೆ ಮತ್ತೆ ಓದಿದಳು. ಎಷ್ಟು ಮಾಡಿದರೂ ಆಚೆಯಿಂದ ಒಂದು ಸದ್ದಿಲ್ಲ. ‘ನಾನೆಂತ ಕಡಿಮೆ ಮಾಡಿದ್ದೇನೆ ಸ್ವಾಮಿ?’ ಎಂದು ಕೇಳುತ್ತಿದ್ದಳು. ಏನು ಕಡಿಮೆಯೆಂದು ಅವಳಿಗೆ ಗೊತ್ತಿತ್ತು. ದೇವರು ಕೇಳುತ್ತಿದ್ದದ್ದು ಅದೊಂದನ್ನೇ. ಅದೊಂದನ್ನು ಬಿಟ್ಟು ಬೇರೆ ಯಾವುದಾದರೂ ಕೇಳಲಿ ಎಂದು ಅವಳು ಕಾಯುತ್ತಿದ್ದಳು.

ಕಮಲಾಕರ ತೀರಿಹೋದ. ಸಭೆಯ ಮಕ್ಕಳು ತಮಿಳು, ಇಂಗ್ಲಿಷ್ ಆರಾಧನೆಗಳಿಗೆ ಹೋಗಲಾರಂಭಿಸಿದರು. ಕನ್ನಡ ಕೇಳಿದರೆ ತಿಳಿಯುತ್ತದೆ, ಹಾಡಲು ನಾಲಿಗೆ ಹೊರಳದು. ಮುದುಕರು ಒಬ್ಬೊಬ್ಬರಾಗಿ ಕಡಿಮೆಯಾದರು. ಕೊರೋನಾ ಬಂದಾಗ ಲೋಕವೆಲ್ಲ ಹೆದರಿದ್ದರೆ ಬೇಬಿಗೆ ಒಂದು ಗುಟ್ಟಿನ ನೆಮ್ಮದಿ: ಯಾರೂ ಯಾರ ಕೈಯನ್ನೂ ಮುಟ್ಟಬೇಕಿಲ್ಲ, ದೂರದಿಂದ ಕೈ ಜೋಡಿಸಿದರೆ ಸಮಾಧಾನ ಮುಟ್ಟಿದ ಲೆಕ್ಕ. ಆ ಕಾಲವೂ ಮುಗಿದು ಕೈಗಳು ಮತ್ತೆ ಕೈಗಳಿಗೆ ಬಂದವು. ಆ ಹೊತ್ತಿಗೆ ಮೊದಲ ಬೆಂಚಿನಲ್ಲಿ ನಡುವೆ ಕೂರಲು ಉಳಿದವಳು ಸಣ್ಣಮ್ಮ ಒಬ್ಬಳೇ.

ಸಣ್ಣಮ್ಮ ಕೊಳ್ಳೇಗಾಲದ ಕಡೆಯವಳು, ಎಂಬತ್ತರ ಮೇಲಿನ ವಯಸ್ಸು, ಮಾತು ಕಡಕ್ಕು. ಬೇಬಿಯ ಕೈಯಿಂದ ಪಡೆದು ರತ್ನಾವತಿಗೆ ಕೊಟ್ಟವಳು ಒಂದು ದಿನ ಆರಾಧನೆ ಮುಗಿದ ಮೇಲೆ ಬೇಬಿಯನ್ನು ಪಕ್ಕಕ್ಕೆ ಕರೆದಳು. “ನೋಡವ್ವ ಬೇಬಿ, ನಾನೆಷ್ಟು ದಿನಾಂತ ಮಧ್ಯದಲ್ಲಿ ಕೂತಿರ್ಲಿ? ನಾನ್ ಹೋದ್ಮೇಲೆ ನಿನ್ ಕೈಲಿರೋದನ್ನ ಯಾರ್ ಕೈಗೆ ಹಾಕೀಯೆ?”

“ನೀವೆಲ್ಲಿಗೂ ಹೋಗೂದಿಲ್ಲ ಸಣ್ಣಮ್ಮ. ನೂರು ವರ್ಷ ಇರ್ತೀರಿ,” ಎಂದು ಬೇಬಿ ನಕ್ಕು ತಪ್ಪಿಸಿಕೊಂಡಳು.

ಸಣ್ಣಮ್ಮ ಈ ವರ್ಷ ಮಾವಿನ ಕಾಲದಲ್ಲಿ ತೀರಿಕೊಂಡಳು.

ಅದರ ಮುಂದಿನ ಕರ್ತನ ಭೋಜನದ ಭಾನುವಾರ ಬೆಂಚಿನಲ್ಲಿ ಇವರಿಬ್ಬರೇ. ಹಿಂದಿನ ಬೆಂಚಿನವರು ಮುಖ ಮುಖ ನೋಡಿಕೊಂಡರು. ಎದ್ದು ಬರಲು ಯಾರ ಮೊಣಕಾಲೂ ಸರಿ ಇರಲಿಲ್ಲ. ರತ್ನಾವತಿ ಅಂದು ತಡವಾಗಿ ಬಂದಿದ್ದಳು. ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು. ಎಲ್ಲರೂ ಒಂದು ಹಾಡು ಹಾಡುತ್ತಿದ್ದರೆ ಅವಳ ಪುಸ್ತಕ ಬೇರೆಲ್ಲೋ ತೆರೆದಿತ್ತು. ‘ನನ್ನ ಕನಿಕರ ಸಿಗಲಿ ಅಂತ ಎಂತ ನಾಟಕ ಇದು,’ ಎಂದುಕೊಂಡಳು ಬೇಬಿ. ಸಮಾಧಾನ ಬಂತು. ಹಿರಿಯರು ಬೇಬಿಯ ಕೈ ಹಿಡಿದು ಕೊಟ್ಟು ಹೋದರು. ಅವಳು ತಿರುಗಿದಳು. ರತ್ನಾವತಿ ಆಗಲೇ ಬೆಂಚಿನ ಮೇಲೆ ಹತ್ತಿರ ಸರಿದು ಬಂದು ಬಲಗೈಯನ್ನು ಚಾಚಿದ್ದಳು. ಮಗುವಿನಂತೆ ನಗುತ್ತಿದ್ದಳು. ಬೇಬಿ ಆ ಕೈಯನ್ನು ನೋಡಿದಳು. ನೋಡಿ, ಕೊರೋನಾ ಕಾಲದ ಹಾಗೆ ದೂರದಿಂದಲೇ ಕೈ ಜೋಡಿಸಿ, ಬಾಯಿಗೆ ಬಾರದ ಮಾತನ್ನು ತುಟಿಯಲ್ಲೇ ಅಂದು ಮುಂದಕ್ಕೆ ತಿರುಗಿ ಕೂತಳು. ಚಾಚಿದ ಕೈ ಸ್ವಲ್ಪ ಹೊತ್ತು ಹಾಗೇ ಇತ್ತು. ಆಮೇಲೆ ಸೀರೆಯ ಮಡಿಲಿಗೆ ಇಳಿಯಿತು.

ಮುಂದಿನ ಕೆಲವು ಭಾನುವಾರ ರತ್ನಾವತಿ ಬರಲಿಲ್ಲ. ಬೇಬಿ ಯಾರನ್ನೂ ವಿಚಾರಿಸಲಿಲ್ಲ.

ತಿಂಗಳು ಕಳೆದು ಮತ್ತೆ ಕರ್ತನ ಭೋಜನದ ಭಾನುವಾರ ಬಂತು. ಬೆಂಗಳೂರಿನಿಂದ ಹೊಸದಾಗಿ ಬಂದಿದ್ದ ಲಿಖಿತ್ ಅಯ್ಯನವರು ಎಳೆ ವಯಸ್ಸಿನವರು, ಈ ಸಭೆಯ ಹಳೆಯ ಕತೆ ಒಂದೂ ಅರಿಯದವರು. ಅವರ ಪ್ರಸಂಗ ವಿಧೇಯತೆಯ ಮೇಲೆ. ಕಾಣಿಕೆ ಹಿಡಿದು ಬಂದವನಿಗೆ ಸಹೋದರನ ಮನಸ್ತಾಪ ನೆನಪಾದರೆ, ಕಾಣಿಕೆಯನ್ನು ಅಲ್ಲೇ ಬಿಟ್ಟು ಮೊದಲು ಅವನ ಹತ್ತಿರ ಹೋಗಬೇಕೆಂದು ಸ್ವಾಮಿ ಹೇಳಿದ್ದನ್ನು ವಿವರಿಸಿದರು. “ದೇವರಿಗೆ ತೊಂಬತ್ತೊಂಬತ್ತು ಕೊಟ್ಟು ಒಂದನ್ನು ಹಿಡಿದಿಟ್ಟುಕೊಳ್ಳುವುದು ವಿಧೇಯತೆಯಲ್ಲ, ಚೌಕಾಶಿ. ಚೌಕಾಶಿ ಮಾಡುವವರು ಅಂಗಡಿಯವನ ಹತ್ತಿರ ನಿಲ್ಲಬಹುದು, ತಂದೆಯ ಹತ್ತಿರ ಕೂರಲಾಗುವುದಿಲ್ಲ,” ಎಂದರು. ಆಮೇಲೆ ಪ್ರೀತಿಯಿಂದ ನಕ್ಕು, “ಅಂಥವರು ನಮ್ಮ ಈ ಚಿಕ್ಕ ಸಭೆಯಲ್ಲಿ ಯಾರೂ ಇಲ್ಲವೆಂದು ನಂಬಿದ್ದೇನೆ,” ಎಂದರು.

ಸಭೆಯೆಲ್ಲ ಕೆಮ್ಮಿತು. ಬೇಬಿ ತಾನು ಇಸ್ತ್ರಿ ಮಾಡಿ ಹಾಸಿದ್ದ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದಳು.

ಸಮಾಧಾನದ ಹೊತ್ತಾಯಿತು. ಹಿರಿಯರು ಅವಳ ಕೈ ಹಿಡಿದರು, ಕೊಟ್ಟರು, ಹೋದರು. ಬೇಬಿ ಅಭ್ಯಾಸಬಲದಿಂದ ಪಕ್ಕಕ್ಕೆ ತಿರುಗಿದಳು. ಉದ್ದನೆಯ ಬೆಂಚು ಖಾಲಿ. ಇಷ್ಟು ವರ್ಷ ಕೊಡಬಾರದೆಂದು ಹಟ ಹಿಡಿದಿದ್ದ ಕೈಗೆ ಈಗ ಕೊಡಲು ಜನವೇ ಇಲ್ಲ. ಅವಳಿಗೆ ಹೆದರಿಕೆಯಾಯಿತು, ಮಗಳು ಸತ್ತ ದಿನ ಆದಂಥದೇ ಹೆದರಿಕೆ. ಅಯ್ಯನವರು ರೊಟ್ಟಿಯನ್ನು ಎತ್ತುವ ಮೊದಲೇ ಅವಳು ಎದ್ದಳು. ಮೂವತ್ತು ನಲವತ್ತು ವರ್ಷದಲ್ಲಿ ಒಮ್ಮೆಯೂ ಆರಾಧನೆಯ ನಡುವೆ ಎದ್ದವಳಲ್ಲ; ಜನ ಅವಳಿಗೆ ತಲೆ ಸುತ್ತು ಬಂತೆಂದೇ ತಿಳಿದರು. ಅವಳು ಚಪ್ಪಲಿ ಮೆಟ್ಟಿ ಬಿಸಿಲಿಗೆ ಇಳಿದು ಶೋಳಿಂಗನಲ್ಲೂರಿನ ಕಡೆಯ ಬಸ್ಸು ಹತ್ತಿದಳು.

ಅಡ್ಯಾರ್ ಸೇತುವೆ ದಾಟಿ ಆಚೆಗೆ ಅವಳು ಆ ದಿನದ ಮೇಲೆ ಹೋದದ್ದಿಲ್ಲ. ಕಡಲಿಗೆ ಹೋಗುವ ದಾರಿ ಅದು. ಬಸ್ಸು ಸೇತುವೆಗೆ ಬಂದಾಗ ಕಣ್ಣು ಮುಚ್ಚಿಕೊಂಡಳು. “ಬರ್ತಾ ಇದ್ದೇನೆ, ಸಿಟ್ಟು ಮಾತ್ರ ಇನ್ನೂ ಹೋಗ್ಲಿಲ್ಲ,” ಎಂದಳು ಬಾಯಿ ಬಿಟ್ಟು. ಪಕ್ಕದ ಹೆಂಗಸು ಫೋನಿನಲ್ಲಿ ಮಾತಾಡುತ್ತಿದ್ದಾಳೆ ಅಂದುಕೊಂಡಿರಬೇಕು. ದೇವರ ಜೊತೆ ಬೇಬಿ ಹಾಗೆ ಮಾತಾಡಿ ಇಪ್ಪತ್ತೇಳು ವರ್ಷವಾಗಿತ್ತು.

ಶೋಳಿಂಗನಲ್ಲೂರಿನಲ್ಲಿ ಇಳಿದು, ಕೇಳಿ ಕೇಳಿ ಮನೆ ಹುಡುಕಿ ಗಂಟೆ ಒತ್ತಿದಾಗ ಬಾಗಿಲು ತೆಗೆದವಳು ವೀಕ್ಷಾ. ಐಟಿ ಕಂಪನಿಯಲ್ಲಿ ಕೆಲಸದ ಹುಡುಗಿ, ಮೂವತ್ತರ ಹತ್ತಿರ.

“ಮಾಮಿ... ನೀವಾ? ಉಳ್ಳೆ ವಾಂಗೊ, ಒಳಗೆ ಬನ್ನಿ.”

“ಅಮ್ಮ ಯಾಕೆ ಚರ್ಚಿಗೆ ಬರುದಿಲ್ಲ?”

“ನಿಮ್ಗೆ ಯಾರೂ ಹೇಳ್ಲಿಲ್ವಾ? ಅಮ್ಮನಿಗೆ ಮರೆವು ಮಾಮಿ. ಒಂದೂವರೆ ವರ್ಷ ಆಯ್ತು. ಡಾಕ್ಟರ್ ಇದು ಇನ್ನು ಜಾಸ್ತಿನೇ ಆಗೂದು ಅಂದ್ರು.” ವೀಕ್ಷಾಳ ದನಿ ಇಳಿಯಿತು. “ಸಂಡೇ ಒಂದು ಮಾತ್ರ ಅವ್ರಿಗೆ ಕರೆಕ್ಟಾಗಿ ಗೊತ್ತಿತ್ತು. ತಾವೇ ಸೀರೆ ಉಟ್ಕೊಂಡು ರೆಡಿ. ಬಸ್ಸಲ್ಲಿ ಒಬ್ರನ್ನೇ ಕಳಿಸ್ಲಿಕ್ಕಾಗದೆ ನಾನು ಕಾರಲ್ಲಿ ತಂದು ಗೇಟ್ ಹತ್ರ ಬಿಟ್ಟು ಅಲ್ಲೇ ಕಾಯ್ತಿದ್ದೆ. ಲಾಸ್ಟ್ ಟೈಮ್ ಬಂದ ದಿನ ದಾರಿಯಿಡೀ ಅತ್ತರು. ‘ಅತ್ತಿಗೆ ಕೈ ಕೊಡ್ಲಿಲ್ಲ, ಅತ್ತಿಗೆ ಕೈ ಕೊಡ್ಲಿಲ್ಲ’ ಅದೊಂದೇ ಮಾತು. ಆಮೇಲೆ ಸಂಡೇನೂ ಮರ್ತು ಹೋಯ್ತು, ಮಾಮಿ.”

ಎರಡು ಬಣ್ಣದ ಚಪ್ಪಲಿ ಬೇಬಿಯ ಕಣ್ಣ ಮುಂದೆ ಬಂತು. ಆ ದಿನ, ಎಲ್ಲವೂ ಜಾರಿಹೋಗುತ್ತಿದ್ದ ತಲೆಯಲ್ಲಿ ಒಂದೇ ಒಂದನ್ನು ಗಟ್ಟಿಯಾಗಿ ಹಿಡಿದುಕೊಂಡು ಆ ಹೆಂಗಸು ಅಷ್ಟು ದೂರದಿಂದ ಬಂದು ಕೈ ಚಾಚಿದ್ದಳು. ತಾನು ಅದನ್ನು ನಾಟಕ ಎಂದುಕೊಂಡಿದ್ದಳು.

ರತ್ನಾವತಿ ಬಾಲ್ಕನಿಯ ಕುರ್ಚಿಯಲ್ಲಿ ಕೂತಿದ್ದಳು. ಕೂದಲು ಕತ್ತರಿಸಿದ್ದರು, ನೈಟಿಯ ಮೇಲೊಂದು ಟವೆಲು. ಬೇಬಿ ದಾರಿಯುದ್ದಕ್ಕೂ ಎರಡು ಮಾತು ಜೋಡಿಸಿಕೊಂಡು ಬಂದಿದ್ದಳು: ನಿನ್ನನ್ನು ಕ್ಷಮಿಸಿದ್ದೇನೆ, ನನ್ನನ್ನು ಕ್ಷಮಿಸು. ಹೇಳಲು ಬಾಯಿ ತೆರೆಯುವಷ್ಟರಲ್ಲಿ ರತ್ನಾವತಿಯ ಮುಖ ಬೆಳಗಿತು.

“ಅತ್ತಿಗೆ! ಬನ್ನಿ ಬನ್ನಿ. ಪ್ರಣಮ್ಯಾ ಎಲ್ಲಿ? ಮಗುವನ್ನು ಕರ್ಕೊಂಡು ಬರ್ಲಿಲ್ವಾ?”

“ಅಮ್ಮಾ...” ಎಂದು ವೀಕ್ಷಾ ಮುಂದೆ ಬಂದಳು. ಬೇಬಿ ಬೇಡವೆಂದು ಕೈ ಮಾಡಿದಳು.

ಜೋಡಿಸಿಕೊಂಡು ಬಂದ ಎರಡು ಮಾತೂ ಈಗ ಕೆಲಸಕ್ಕೆ ಬಾರದವು. ಯಾವ ತಪ್ಪಿಗೆ ಕ್ಷಮೆ? ಇವಳ ಲೋಕದಲ್ಲಿ ಆ ತಪ್ಪು ಇನ್ನೂ ಆಗಿಯೇ ಇಲ್ಲ. ಇಪ್ಪತ್ತೇಳು ವರ್ಷ ಕಾದು ಕೂತವಳಿಗೆ ಕೊಡಬೇಕಾದದ್ದನ್ನು ಬೇಬಿ ಕೊನೆಗೂ ತಂದಿದ್ದಳು. ಕಾದವಳು ಎದ್ದು ಹೋಗಿಯಾಗಿತ್ತು. ಬೇಬಿ ಕೆಳಗೆ ನೆಲದ ಮೇಲೆ, ಆ ಕುರ್ಚಿಯ ಹತ್ತಿರ ಕೂತಳು. ರತ್ನಾವತಿಯ ಬಲಗೈಯನ್ನು ಎತ್ತಿ ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡಳು. ಪ್ರಣಮ್ಯಾಳ ಕೈಯನ್ನು ಕೊನೆಯ ಸಲ ಹಿಡಿದಿದ್ದ ಕೈ ಅದು. ಲೋಕದಲ್ಲಿ ಆ ಕೈಯಷ್ಟು ಮಗಳಿಗೆ ಹತ್ತಿರವಾದದ್ದು ಬೇರೆ ಏನೂ ಉಳಿದಿರಲಿಲ್ಲ. ಇಷ್ಟು ಕಾಲ ಅದನ್ನೇ ತಾನು ದೂರ ಇಟ್ಟಿದ್ದಳು.

“ದೇವರ ಸಮಾಧಾನ ನಿನಗಿರಲಿ, ರತ್ನ.”

“ನಿಮಗೂ ಇರಲಿ,” ಎಂದಳು ರತ್ನಾವತಿ ತಟ್ಟನೆ. ಎಲ್ಲ ಮರೆತವಳಿಗೆ ಅದು ಮರೆತಿರಲಿಲ್ಲ. ಆಮೇಲೆ ಬೇಬಿಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡು, ದನಿ ತಗ್ಗಿಸಿ, “ನೀವು ಎಲೆ ಹಾಕ್ಲಿಕ್ಕೆ ಹೋಗಿ ಅತ್ತಿಗೆ. ಮಗುವಿನ ಕೈ ನಾನು ಬಿಡುದಿಲ್ಲ. ನೀವು ಹೇಳಿದ್ದೀರಲ್ಲ, ಬಿಡುದೇ ಇಲ್ಲ,” ಎಂದಳು. ಉಗುರು ನಾಟುವಷ್ಟು ಬಿಗಿ.

ಬೇಬಿ ಜೋರಾಗಿ ಅತ್ತಳು. ಮಗಳ ಪೆಟ್ಟಿಗೆಯ ಮುಂದೆಯೂ ಹಾಗೆ ಅತ್ತಿರಲಿಲ್ಲ. ಇವಳು ಎಲ್ಲವನ್ನೂ ಮರೆತು, ಆ ಕೈಯನ್ನು ಹಿಡಿದುಕೊಂಡಿರುವ ಕೆಲಸವೊಂದನ್ನು ಮಾತ್ರ ಹೊತ್ತುಕೊಂಡು ಕೂತಿದ್ದಾಳೆ. ಅದನ್ನು ಇಳಿಸಬಲ್ಲವರು, ಹೊರಿಸಿದವರೊಬ್ಬರೇ.

“ಬಿಡು ರತ್ನ,” ಎಂದಳು ಬೇಬಿ. “ಮಗು ಮನೆ ಮುಟ್ಟಿದ್ದಾಳೆ. ಅವಳ ಅಪ್ಪನ ಹತ್ರ ಇದ್ದಾಳೆ. ಇನ್ನು ನೀನು ಕೈ ಬಿಡ್ಬಹುದು.”

“ಹೌದಾ? ಮುಟ್ಟಿದಳಾ?”

“ಮುಟ್ಟಿದಳು.”

ರತ್ನಾವತಿ ಅನುಮಾನದಿಂದ ನೋಡಿದಳು. ನಿಧಾನಕ್ಕೆ ಬೆರಳುಗಳು ಸಡಿಲವಾದವು. ಹಾಗೇ ಕುರ್ಚಿಗೆ ಒರಗಿ ಕಣ್ಣು ಮುಚ್ಚಿದಳು. ಬೇಬಿ ಮಾತ್ರ ಅವಳ ಕೈಯನ್ನು ಹಿಡಿದುಕೊಂಡೇ ಇದ್ದಳು. ವೀಕ್ಷಾ ಬಂದು ಪಕ್ಕದಲ್ಲಿ ಕೂತು, ಹೆದರಿ ಹೆದರಿ ಮಾಮಿಯ ಭುಜಕ್ಕೆ ತಲೆ ಇಟ್ಟಳು. ಬೇಬಿ ಮೊದಲ ಸಲ ಆ ಹುಡುಗಿಯ ಮುಖವನ್ನು ಕಣ್ಣು ತುಂಬ ನೋಡಿದಳು.

ಈಗ ಪ್ರತಿ ಭಾನುವಾರ ಆರಾಧನೆ ಮುಗಿಸಿ ಬೇಬಿ ಬಸ್ಸು ಹತ್ತುತ್ತಾಳೆ. ದಾರಿಯುದ್ದಕ್ಕೂ ದೇವರ ಜೊತೆ ಮಾತು, ಹೆಚ್ಚಾಗಿ ಬೈಗುಳವೇ: ಒಂದು ವರ್ಷ ಮುಂಚೆ ನನ್ನನ್ನು ಎಬ್ಬಿಸಲಿಕ್ಕೆ ನಿನಗೆಂತ ಆಗಿತ್ತು ಸ್ವಾಮಿ? ಉತ್ತರವಿಲ್ಲ. ಆದರೂ ಕೇಳಿಸಿಕೊಳ್ಳುವವರು ಪಕ್ಕದಲ್ಲೇ ಕೂತಿದ್ದಾರೆಂದು ಅವಳಿಗೆ ಗೊತ್ತಾಗುತ್ತದೆ, ಹಿಂದೆ ಮಿಶಿನು ತುಳಿಯುವಾಗ ಗೊತ್ತಾಗುತ್ತಿದ್ದ ಹಾಗೇ. ಸೇತುವೆ ಬಂದರೆ ಈಗ ಕಣ್ಣು ಮುಚ್ಚುವುದಿಲ್ಲ. ಮೆಟ್ಟಿಲು ಹತ್ತುವಾಗ ಮೊಣಕಾಲಿಗಿಂತ ಎದೆಯೇ ಹೆಚ್ಚು ಭಾರ, ಏಕೆಂದರೆ ಬಾಗಿಲು ತೆರೆದ ಕೂಡಲೇ ಏನು ಕೇಳಿಸುತ್ತದೆಂದು ಅವಳಿಗೆ ಗೊತ್ತು. ಹೋದ ವಾರ ಹೇಳಿದ್ದು ರತ್ನಾವತಿಗೆ ಈ ವಾರ ನೆನಪಿರುವುದಿಲ್ಲ.

“ಅತ್ತಿಗೆ, ಪ್ರಣಮ್ಯಾ ಎಲ್ಲಿ?”

ಬೇಬಿ ಹೋಗಿ ಅವಳ ಕೈ ಹಿಡಿಯುತ್ತಾಳೆ. “ಮನೆ ಮುಟ್ಟಿದ್ದಾಳೆ ರತ್ನ,” ಎನ್ನುತ್ತಾಳೆ. “ಇನ್ನು ಬಿಡ್ಬಹುದು.”